ವಲ್ಲಾರ್ಪಾಡಂ ಟರ್ಮಿನಲ್: ಕಾಫಿ ಕಳಿಸುವವರ ಕಡೆಯಿಂದ ಒಂದು ರಿವ್ಯೂ

ಕೊಡಗಿನವರಿಗೆ ಹತ್ತಿರದ ಬಂದರು ಮಂಗಳೂರು. ಈ ಸಲ ನಮಗೆ ಬೇಕಾದ ಹಡಗು ಕೊಚ್ಚಿಯಿಂದ ಹೊರಡುತ್ತಿತ್ತು, ಹಾಗಾಗಿ ಕಂಟೇನರ್ ಅಲ್ಲಿನ ವಲ್ಲಾರ್ಪಾಡಂಗೆ ಹೋಯಿತು. 2011ರಲ್ಲಿ ಶುರುವಾದ ಈ ಟರ್ಮಿನಲ್ ನಡೆಸುವುದು ದುಬೈನ ಡಿಪಿ ವರ್ಲ್ಡ್ ಕಂಪನಿ. ಕೆಲಸ ಚೆನ್ನಾಗಿದೆ. ತಡ ಆಗಿದ್ದು ದಾರಿಯಲ್ಲಿ, ಲಾರಿಯವರಿಂದ. ಗೇಟಿನ ಒಳಗೆ ಹೋದ ಮೇಲೆ ಎಲ್ಲೂ ನಿಲ್ಲಲಿಲ್ಲ.

ನಮ್ಮ ಕೊಡಗಿನಲ್ಲಿ ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಮನೆಗಳು ಜಾಸ್ತಿ. ಬಂದರನ್ನು ಹೊರದೇಶದವರ ಕೈಗೆ ಕೊಡೋದಾ ಅಂತ ಕೇಳುತ್ತಾರೆ, ಕೇಳಲೇಬೇಕು. ನಾನು ನೋಡಿದ್ದು ಹೇಳುತ್ತೇನೆ. ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಹದ ಮಾಡುವ ಕಾರ್ಖಾನೆ) 60 ಕೆಜಿಯ 320 ಮೂಟೆ ರೊಬಸ್ಟಾ ಕಾಫಿಯನ್ನು ಕಂಟೇನರ್‌ಗೆ ತುಂಬಿ ಬಾಗಿಲಿಗೆ ಇ-ಸೀಲ್, ಅಂದರೆ ಎಲೆಕ್ಟ್ರಾನಿಕ್ ಮುದ್ರೆ, ಹಾಕಿದೆವು. ಬಂದರಿನಲ್ಲಿ ಅದನ್ನು ರೀಡರ್ ಹಿಡಿದು ಓದುತ್ತಾರೆ, ದಾರಿಯಲ್ಲಿ ಯಾರಾದರೂ ಕಿತ್ತಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಸರಕನ್ನು ದೇಶದಿಂದ ಹೊರಗೆ ಬಿಡುವ ಅಧಿಕಾರ ಕಸ್ಟಮ್ಸ್‌ನದು, ಜಾಗ ಪೋರ್ಟ್ ಅಥಾರಿಟಿಯದು. ಕ್ರೇನ್ ನಡೆಸುವುದು, ಕಂಟೇನರ್ ಇಳಿಸಿ ಏರಿಸುವುದು ಮಾತ್ರ ಕಂಪನಿಯ ಕೆಲಸ, ಅದೂ ವರ್ಷ ಲೆಕ್ಕ ಹಾಕಿ ಕೊಟ್ಟ ಗುತ್ತಿಗೆ. ಶ್ರೀಲಂಕಾ 2017ರಲ್ಲಿ ಹಂಬನ್‌ತೋಟ ಬಂದರನ್ನೇ ಚೀನಾ ಕಂಪನಿಗೆ 99 ವರ್ಷಕ್ಕೆ ಕೊಟ್ಟಿತಲ್ಲ, ಇದನ್ನು ಅದರ ಜೊತೆ ಸೇರಿಸಿ ಮಾತಾಡುವುದು ಸರಿಯಲ್ಲ.

ಆದರೂ ಭಯಕ್ಕೆ ಕಾರಣವೇ ಇಲ್ಲ ಅನ್ನಲಾರೆ. ಯಾವ ಪೆಟ್ಟಿಗೆ ಯಾರದು, ಎಲ್ಲಿಗೆ, ಯಾವಾಗ ಅನ್ನುವ ಮಾಹಿತಿಯೆಲ್ಲ ಟರ್ಮಿನಲ್ ನಡೆಸುವವರ ಕಂಪ್ಯೂಟರಿನಲ್ಲಿ ಇರುತ್ತದೆ. ಇದೇ ಡಿಪಿ ವರ್ಲ್ಡ್‌ಗೆ 2006ರಲ್ಲಿ ಅಮೆರಿಕದಲ್ಲಿ ಎಷ್ಟು ವಿರೋಧ ಬಂತೆಂದರೆ ಅಲ್ಲಿನ ಬಂದರು ಕೆಲಸವನ್ನೇ ಮಾರಿ ಹೊರಬಂದರು. ನಮ್ಮಲ್ಲಿ 2025ರ ಮೇ ತಿಂಗಳಲ್ಲಿ ಏರ್‌ಪೋರ್ಟುಗಳಲ್ಲಿ ಲಗೇಜ್, ಸರಕು ನೋಡಿಕೊಳ್ಳುತ್ತಿದ್ದ ಟರ್ಕಿ ಮೂಲದ ಚೆಲೆಬಿ ಕಂಪನಿಯ ಭದ್ರತಾ ಅನುಮತಿಯನ್ನು ಸರ್ಕಾರ ರದ್ದು ಮಾಡಿತು. ವಿರಾಜಪೇಟೆಯವರು ಹತ್ತುವ ಕಣ್ಣೂರು ಏರ್‌ಪೋರ್ಟಿನಲ್ಲೂ ಅವರದೇ ಕೆಲಸ ಇತ್ತು. ವಿಮಾನಕ್ಕೆ ಲಗೇಜ್ ಹಾಕಲು ಬೇರೆಯವರನ್ನು ಬೇಗ ಹುಡುಕಬಹುದು, ಹಡಗಿನ ಕ್ರೇನ್, ಅದನ್ನು ನಡೆಸುವ ಜನ, ಸಾಫ್ಟ್‌ವೇರ್ ಎಲ್ಲ ಒಂದೇ ರಾತ್ರಿಯಲ್ಲಿ ಬದಲಾಗುತ್ತಾ? ಅದಕ್ಕೇ ಮಂಗಳೂರಿನ ಪಣಂಬೂರಿನ ಬಂದರು ಗಟ್ಟಿಯಾಗಿರಬೇಕು ಅಂತ ನನ್ನ ಹಟ. ಅಲ್ಲಿ ಕಂಟೇನರ್ ಟರ್ಮಿನಲ್ ನಡೆಸುವುದು ನಮ್ಮ ದೇಶದ್ದೇ ಆದ ಜೆಎಸ್‌ಡಬ್ಲ್ಯೂ ಕಂಪನಿ. ಒಂದು ಕಡೆ ಬಾಗಿಲು ಹಾಕಿದರೂ ನಮ್ಮ ಕಾಫಿ ಗೋದಾಮಿನಲ್ಲಿ ಕೊಳೆಯಬಾರದು.

ಸೇವೆಗೆ ನಾಲ್ಕು ಸ್ಟಾರ್. ನಿಮ್ಮ ಹಡಗು ಎರಡೂ ಕಡೆಯಿಂದ ಹೊರಡುತ್ತಿದ್ದರೆ ಮಂಗಳೂರಿನ ರೇಟನ್ನೂ ಕೇಳಿ, ಆಮೇಲೆ ಬುಕ್ ಮಾಡಿ.