ಡಾವಿಂಚಿ ರಿಸಾಲ್ವ್‌ನಲ್ಲಿ ಆರು ವರ್ಷ: ನಾಲ್ಕು ಥರದ ವಿಡಿಯೊ, ಒಂದೇ ಟೈಮ್‌ಲೈನ್

ಗಂಗಾವತಿಯಲ್ಲಿ ಮದುವೆ, ಜಾತ್ರೆ, ಗೃಹಪ್ರವೇಶದ ವಿಡಿಯೊ ಮಾಡುವುದು ನನ್ನ ಕೆಲಸ. 2019ರಲ್ಲಿ ಡಾವಿಂಚಿ ರಿಸಾಲ್ವ್ ಅನ್ನೋ ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್‌ನ 16ನೇ ಆವೃತ್ತಿ ಬಂದಾಗ, ಅದರ ಉಚಿತ ರೂಪ ಹಾಕಿಕೊಂಡೆ. ಮೂರು ವರ್ಷ ಅದರಲ್ಲೇ ದುಡಿದು ಆಮೇಲೆ ದುಡ್ಡು ಕೊಡಬೇಕಾದ ಸ್ಟುಡಿಯೊ ಆವೃತ್ತಿ ಕೊಂಡೆ. ಇದರಲ್ಲಿ ಬಣ್ಣ ತಿದ್ದುವ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಅದಕ್ಕೆ ಕೈ ಹಾಕಲ್ಲ. ನಮ್ಮಂಥವರ ದಿನದ ತಲೆನೋವು ಬೇರೆ. ಒಂದೇ ಮದುವೆ, ನನ್ನ ಕ್ಯಾಮೆರಾ 4ಕೆಯಲ್ಲಿ ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಜೊತೆಗೆ ಬರುವ ಹುಡುಗನ ಹಳೇ ಕ್ಯಾಮೆರಾ 1080ರಲ್ಲಿ 50 ಫ್ರೇಮ್, ಡ್ರೋನ್ 4ಕೆ 30, ಇಷ್ಟು ಸಾಲದು ಅಂತ ಹುಡುಗಿಯ ಅಣ್ಣ ಫೋನನ್ನು ಉದ್ದಕ್ಕೆ ನಿಲ್ಲಿಸಿ ಹಿಡಿದು ತೆಗೆದ ಅರಿಶಿನದ ವಿಡಿಯೊ ಬೇರೆ. ಇದೆಲ್ಲ ಒಂದೇ ಟೈಮ್‌ಲೈನ್‌ನಲ್ಲಿ, ಅಂದರೆ ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ, ಕೂರಬೇಕು.

ರೆಸಲ್ಯೂಷನ್, ಅಂದರೆ ಚಿತ್ರದ ಪಿಕ್ಸೆಲ್ ಲೆಕ್ಕ, ಬೇರೆ ಬೇರೆ ಇದ್ದರೆ ಹೆದರಬೇಡಿ. ರಿಸಾಲ್ವ್ ಇದರಲ್ಲಿ ನಿಜವಾಗಿ ಗಟ್ಟಿ. 4ಕೆ ಅಂದರೆ 3840x2160, 1080ರ (1920x1080) ನಾಲ್ಕು ಪಟ್ಟು ಪಿಕ್ಸೆಲ್. ಅದನ್ನು 1080 ಟೈಮ್‌ಲೈನ್‌ಗೆ ಹಾಕಿ ಎರಡು ಪಟ್ಟು ಜೂಮ್ ಮಾಡಿದರೂ ಚಿತ್ರ ಒಡೆಯಲ್ಲ, ಯಾಕಂದ್ರೆ ಅದು ಮೂಲ ಫೈಲ್‌ನ ಪಿಕ್ಸೆಲ್‌ನಿಂದಲೇ ತೆಗೆದುಕೊಳ್ಳುತ್ತದೆ. ಅಕ್ಷತೆ ಹಾಕುವಾಗ ನನ್ನದು ಒಂದೇ ಕ್ಯಾಮೆರಾ ನಿಂತಿರುತ್ತದೆ. ಅದರಿಂದಲೇ ಇಡೀ ಮಂಟಪವೂ ಸಿಗುತ್ತದೆ, ಮದುಮಗಳ ಕಣ್ಣಂಚಿನ ನೀರೂ ಸಿಗುತ್ತದೆ. ಉಲ್ಟಾ ಮಾಡಿದರೆ ಮಾತ್ರ ಕಷ್ಟ. 1080 ಕ್ಲಿಪ್ಪನ್ನು 4ಕೆ ಟೈಮ್‌ಲೈನ್‌ಗೆ ಹಿಗ್ಗಿಸಿದರೆ ಮೆತ್ತಗೆ ಕಾಣುತ್ತದೆ. ಸ್ಟುಡಿಯೊದಲ್ಲಿ ಚಿಕ್ಕ ಚಿತ್ರವನ್ನು ಹಿಗ್ಗಿಸುವ ಸೂಪರ್ ಸ್ಕೇಲ್ ಅಂತ ಇದೆ, ಸ್ವಲ್ಪ ಉಳಿಸಿಕೊಡುತ್ತದೆ, ಆದರೆ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಫೋನ್ ಉದ್ದಕ್ಕೆ ಹಿಡಿದು ತೆಗೆದ ವಿಡಿಯೊಗೆ ಎರಡೂ ಬದಿ ಖಾಲಿ ಉಳಿಯುತ್ತದೆ, ಅದನ್ನೇ ಕಾಪಿ ಮಾಡಿ, ದೊಡ್ಡದು ಮಾಡಿ, ಬ್ಲರ್ ಮಾಡಿ ಹಿಂದೆ ಇಡಿ. ಅಷ್ಟೇ.

ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು, ಹಾಗಲ್ಲ.

ಒಂದು ಸಲ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿದ್ದೆ. ಸಂಜೆ ಬೆಳಕಿನಲ್ಲಿ ತೇರು, ಬೆಟ್ಟದ ಕೆಳಗೆ ಕಣ್ಣು ಹಾಯುವಷ್ಟು ಜನ. ಅನುಮತಿ ಇದ್ದ ಒಬ್ಬರು ಡ್ರೋನ್ ಹಾರಿಸಿ ನನಗೆ ಫೈಲ್ ಕೊಟ್ಟರು, 30 ಫ್ರೇಮ್. ನನ್ನ ಟೈಮ್‌ಲೈನ್ 25. ನೋಡದೆ ಹಾಗೇ ಹಾಕಿಬಿಟ್ಟೆ, ತಪ್ಪು ನನ್ನದೇ. ಎಡಿಟ್ ಮುಗಿಸಿ ತೋರಿಸಿದರೆ ಓಣಿಯ ಹಿರಿಯರೊಬ್ಬರು ಮೊದಲು ಕೇಳಿದ್ದೇ "ತಮ್ಮಾ, ತೇರು ಯಾಕ ಜಗ್ಗಿ ಜಗ್ಗಿ ಹೊಂಟೈತಿ?" ಅಂತ. ಅವರಿಗೆ ಫ್ರೇಮ್ ರೇಟ್ ಗೊತ್ತಿಲ್ಲ, ಕಣ್ಣಿಗೆ ಗೊತ್ತಾಗಿತ್ತು. 30ನ್ನು 25ಕ್ಕೆ ಇಳಿಸಲು ಪ್ರತಿ ಸೆಕೆಂಡಿಗೆ ಐದು ಫ್ರೇಮ್ ಬಿಡಲೇಬೇಕು. ಕುಣಿತ, ಗದ್ದಲದಲ್ಲಿ ಅದು ಕಾಣಲ್ಲ. ನಿಧಾನಕ್ಕೆ ಸಾಗುವ ತೇರಿನಲ್ಲಿ, ನಿಧಾನಕ್ಕೆ ತಿರುಗುವ ಡ್ರೋನ್‌ನಲ್ಲಿ ಎದ್ದು ಕಾಣುತ್ತದೆ.

ಸರಿಮಾಡಲು ರಿಸಾಲ್ವ್‌ನಲ್ಲೇ ಇರುವ ಆಪ್ಟಿಕಲ್ ಫ್ಲೋ ಹಾಕಿ ನೋಡಿದೆ. ಅದು ನಡುವಿನ ಫ್ರೇಮ್‌ಗಳನ್ನು ತಾನೇ ಊಹಿಸಿ ಬರೆಯುತ್ತದೆ. ಆಕಾಶ, ಬೆಟ್ಟ ಎಲ್ಲ ಬೆಣ್ಣೆಯಂತೆ ಬಂತು. ಆದರೆ ಜನ ತೇರಿಗೆ ಉತ್ತತ್ತಿ ಎಸೆಯುತ್ತಾರಲ್ಲ, ಆ ಎತ್ತಿದ ಕೈಗಳು ಕರಗಿ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಂಡವು. ಅಕ್ಕಪಕ್ಕದ ಫ್ರೇಮ್‌ಗಳನ್ನು ಬೆರೆಸುವ ಫ್ರೇಮ್ ಬ್ಲೆಂಡ್‌ನಲ್ಲಿ ಎಲ್ಲಕ್ಕೂ ನೆರಳು ಬಂತು. ಕೊನೆಗೆ ಕೈ ಹಿಡಿದದ್ದು ಕ್ಲಿಪ್ ಆಟ್ರಿಬ್ಯೂಟ್ಸ್ ಅನ್ನೋ ಸೆಟ್ಟಿಂಗ್. ತಂದ ಕ್ಲಿಪ್‌ಗಳೆಲ್ಲ ಇರುವ ಮೀಡಿಯಾ ಪೂಲ್‌ನಲ್ಲಿ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ, ಅದನ್ನು ತೆರೆದು ಫ್ರೇಮ್ ರೇಟನ್ನು 30ರಿಂದ 25ಕ್ಕೆ ಬದಲಿಸಿದೆ. ಒಂದು ಫ್ರೇಮೂ ಹೋಗಲ್ಲ, 10 ಸೆಕೆಂಡಿನದು 12 ಸೆಕೆಂಡ್ ಓಡುತ್ತದೆ. ತೇರು ತುಸು ನಿಧಾನವಾಯಿತು, ಇನ್ನೂ ಚಂದ ಕಂಡಿತು. ಡ್ರೋನ್ ವಿಡಿಯೊದಲ್ಲಿ ಧ್ವನಿ ಇರಲ್ಲ, ಹಾಗಾಗಿ ಯಾವ ನಷ್ಟವೂ ಇಲ್ಲ. ಮಾತು, ಹಾಡು ಇರುವ ಕ್ಲಿಪ್‌ಗೆ ಮಾತ್ರ ಹೀಗೆ ಮಾಡಬೇಡಿ. 50 ಫ್ರೇಮ್‌ನದ್ದಕ್ಕೆ ಈ ಕಷ್ಟವೇ ಇಲ್ಲ, ಸರಿಯಾಗಿ ಅರ್ಧ ಅಲ್ವಾ, ಬೇಕಾದರೆ ಸ್ಲೋ ಮೋಷನ್ ಕೂಡ.

ಫೋನ್ ವಿಡಿಯೊದ್ದು ಇನ್ನೊಂದು ಕಥೆ. ಎಷ್ಟೋ ಫೋನ್‌ಗಳು 30 ಅಂತ ತೋರಿಸಿದರೂ ಒಂದೇ ವೇಗದಲ್ಲಿ ರೆಕಾರ್ಡ್ ಮಾಡಲ್ಲ, ಬೆಳಕು ಕಡಿಮೆ ಆದರೆ ಫ್ರೇಮ್ ಇಳಿಸುತ್ತವೆ. ಸೋಬಾನೆ ಪದದ ಹತ್ತು ನಿಮಿಷದ ಕ್ಲಿಪ್ ಹಾಕಿ ನೋಡಿ, ಶುರುವಿನಲ್ಲಿ ತುಟಿಗೂ ದನಿಗೂ ಹೊಂದಿಕೆ ಇದ್ದರೂ ಕೊನೆಗೆ ತಪ್ಪಿರುತ್ತದೆ. ನಾನು ಮೊದಲು ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ (ಒಂದೇ ಸಮನಾದ) ಫ್ರೇಮ್ ರೇಟ್ ಮಾಡಿಕೊಂಡು ಆಮೇಲೆ ಒಳಗೆ ತರುತ್ತೇನೆ. ಅದೂ ಪುಕ್ಕಟೆ ಸಿಗುತ್ತದೆ.

25 ಯಾಕೆ ಅಂತ ಹೊಸ ಹುಡುಗರು ಕೇಳುತ್ತಾರೆ. ನಮ್ಮ ಕರೆಂಟ್ 50 ಹರ್ಟ್ಸ್. ಕಲ್ಯಾಣ ಮಂಟಪದ ಟ್ಯೂಬ್‌ಲೈಟ್ ಕೆಳಗೆ 25 ಫ್ರೇಮ್, ಶಟರ್ ಸೆಕೆಂಡಿನ 1/50 ಇಟ್ಟರೆ ಲೈಟ್ ಮಿಣುಕಲ್ಲ. 30, 1/60 ಇಟ್ಟರೆ ಎಷ್ಟೋ ಕಡೆ ಪಟ್ಟೆ ಓಡುತ್ತದೆ. ಅದನ್ನು ಎಡಿಟಿಂಗ್‌ನಲ್ಲಿ ತೆಗೆಯುವುದು ಬಹಳ ಕಷ್ಟ.

ಹೊಸದಾಗಿ ಹಾಕಿಕೊಳ್ಳುವವರು ಒಂದು ವಿಷಯದಲ್ಲಿ ಹುಷಾರಾಗಿರಿ. ಪ್ರಾಜೆಕ್ಟ್‌ನ ಫ್ರೇಮ್ ರೇಟನ್ನು ಮೊದಲೇ ಇಡಬೇಕು, ಕ್ಲಿಪ್‌ಗಳು ಒಳಗೆ ಬಂದ ಮೇಲೆ ಅದು ಬೀಗ ಬಿದ್ದ ಹಾಗೆ. ಬೇರೆ ರೇಟಿನ ಕ್ಲಿಪ್ ಮೊದಲು ತಂದರೆ ಬದಲಿಸಲಾ ಅಂತ ಒಂದು ಕಿಟಕಿ ಕೇಳುತ್ತದೆ, ಅವಸರದಲ್ಲಿ ಸುಮ್ನೆ ಹೂಂ ಒತ್ತಬೇಡಿ. ಒತ್ತಿದ್ದರೆ ಹೊಸ ಟೈಮ್‌ಲೈನ್ ಮಾಡಿ, 'ಯೂಸ್ ಪ್ರಾಜೆಕ್ಟ್ ಸೆಟ್ಟಿಂಗ್ಸ್' ಗುರುತು ತೆಗೆದು 25 ಹಾಕಿ. ಹಳೆಯ ಎಡಿಟ್ ಅದಕ್ಕೆ ತಂದರೆ ಕಟ್‌ಗಳನ್ನೆಲ್ಲ ಇನ್ನೊಮ್ಮೆ ನೋಡಬೇಕಾಗುತ್ತದೆ.

ಉಚಿತ ಆವೃತ್ತಿ 4ಕೆ, 60 ಫ್ರೇಮ್ ತನಕ ಕೊಡುತ್ತದೆ, ನಮ್ಮ ಕೆಲಸಕ್ಕೆ ಧಾರಾಳ. ಸ್ಟುಡಿಯೊಗೆ ನಾನು ಕೊಟ್ಟದ್ದು 295 ಡಾಲರ್, ಒಂದೇ ಸಲ. ಆಮೇಲೆ ಬಂದ ಹೊಸ ಆವೃತ್ತಿಗಳಿಗೆ ಮತ್ತೆ ದುಡ್ಡು ಕೇಳಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕಳೆದ ಅರ್ಧ ಅಂಕ ಫ್ರೇಮ್ ರೇಟಿನ ಬೀಗಕ್ಕೆ.