ವರ್ಲ್ಡ್ ಎಡಿಟರ್: ರನ್‌ವೇ ಚೆನ್ನಾಗಿ ಬರುತ್ತದೆ, ಗುಡ್ಡ ಮಾತ್ರ ಬರುವುದಿಲ್ಲ

ಎಕ್ಸ್-ಪ್ಲೇನ್ ಎಂಬ ವಿಮಾನ ಸಿಮ್ಯುಲೇಟರ್ ಹಾರಿಸುವವರಿಗೆ ವರ್ಲ್ಡ್ ಎಡಿಟರ್ ಏನೆಂದು ಬಿಡಿಸಿ ಹೇಳಬೇಕಿಲ್ಲ; ಉಳಿದವರಿಗೆ, ಆ ಸಿಮ್ಯುಲೇಟರಿನೊಳಗೆ ವಿಮಾನ ನಿಲ್ದಾಣ ಕಟ್ಟುವ ತಂತ್ರಾಂಶ ಇದು. ವೆಡ್ ಅಂತಲೇ ಎಲ್ಲರೂ ಕರೆಯುವುದು. ಪುಕ್ಕಟೆ ಸಿಗುತ್ತದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಕೆಲವು ವರ್ಷಗಳಿಂದ ಕಣ್ಣೂರು ವಿಮಾನ ನಿಲ್ದಾಣವನ್ನು ಇದರಲ್ಲಿ ಕಟ್ಟುತ್ತಾ ಬಂದಿದ್ದೇನೆ. ಇದರಲ್ಲಿ ನನ್ನನ್ನು ಕಾಡುವ ಕೊರತೆ ಒಂದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ: ಇದು ನೆಲದ ಮೇಲೆ ಏನು ಬೇಕಾದರೂ ಇಡುತ್ತದೆ, ನೆಲವನ್ನು ಮಾತ್ರ ಮುಟ್ಟುವುದಿಲ್ಲ.

ಕಣ್ಣೂರೇ ಯಾಕೆ ಅಂದರೆ, ನಮ್ಮ ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ವಿರಾಜಪೇಟೆ ಕಡೆಯವರು ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ದಾಟಿದರೆ ಮಟ್ಟನ್ನೂರು, ಅಲ್ಲೇ ನಿಲ್ದಾಣ. 2018ರ ಡಿಸೆಂಬರ್ 9ಕ್ಕೆ ಅದು ಶುರುವಾದ ಮೇಲೆ ನಮ್ಮ ಕಡೆಯಿಂದ ಗಲ್ಫಿಗೆ ಹೋಗುವವರು ಅನೇಕರು ಅಲ್ಲಿಂದಲೇ ಹತ್ತುತ್ತಾರೆ. ನನಗೆ ಕಣ್ಣಾರೆ ಕಂಡ ಜಾಗ ಸಿಮ್ಯುಲೇಟರಿನಲ್ಲೂ ಹಾಗೇ ಇರಬೇಕು. ಮೊದಲು ಒಬ್ಬರಿಂದ ದುಡ್ಡು ಕೊಟ್ಟು ಪಶ್ಚಿಮ ಘಟ್ಟದ ಕೆಳಗಿನ ಒಂದು ನಿಲ್ದಾಣದ ಸೀನರಿ, ಅಂದರೆ ಸಿಮ್ಯುಲೇಟರಿಗೆ ಕಟ್ಟಿದ ಅದರ ಮಾದರಿ, ಕೊಂಡಿದ್ದೆ. ಟರ್ಮಿನಲ್ಲಿನ ಗಾಜು ಫಳಫಳ ಹೊಳೆಯುತ್ತಿತ್ತು, ಸುತ್ತ ನೋಡಿದರೆ ಚಳಿ ದೇಶದ ಮೊನಚು ಮರಗಳು. ತೆಂಗು, ಗೇರು, ರಬ್ಬರ್ ಬೆಳೆಯುವ ಊರಿನಲ್ಲಿ ಅಂಥ ಮರ ನಿಲ್ಲಿಸಿದವರು ಆ ಊರಿಗೆ ಕಾಲಿಟ್ಟಿರಲಾರರು. ಆಮೇಲೆ ನಾನೇ ಕಟ್ಟುತ್ತೇನೆಂದು ಕೂತೆ.

ಈಗ ನೆಲದ ವಿಷಯ. ಎಕ್ಸ್-ಪ್ಲೇನ್‌ನಲ್ಲಿ ಭೂಮಿ ಅಂದರೆ ತ್ರಿಕೋನಗಳಿಂದ ಹೆಣೆದ ಮೆಶ್. ಒಂದೊಂದು ಡಿಗ್ರಿಯ ಚೌಕಗಳಾಗಿ ಬರುತ್ತದೆ. ಕಣ್ಣೂರು ನಿಲ್ದಾಣ ಒಂದು ಚೌಕದಲ್ಲಿ, ಅದಕ್ಕೆ ಬಡಗಲಲ್ಲಿ ಅಂಟಿಕೊಂಡಿರುವ ಇನ್ನೊಂದರಲ್ಲಿ ವಿರಾಜಪೇಟೆ. ವೆಡ್‌ನಲ್ಲಿ ನಾವು ಎಳೆದ ರನ್‌ವೇ ಈ ಮೆಶ್ ಮೇಲೆ ಬಟ್ಟೆ ಹಾಸಿದಂತೆ ಕೂರುತ್ತದೆ. ಮೆಶ್‌ನಲ್ಲಿ ಉಬ್ಬಿದ್ದರೆ ರನ್‌ವೇಯಲ್ಲೂ ಉಬ್ಬು. ಬಯಲುಸೀಮೆಯ ನಿಲ್ದಾಣ ಕಟ್ಟುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಸುತ್ತಲಿನ ನಿಲ್ದಾಣಗಳು ಗುಡ್ಡದ ತಲೆ ಕಡಿದು, ತಗ್ಗು ತುಂಬಿಸಿ ಮಾಡಿದವು. ಮಂಗಳೂರಿನ ಬಜ್ಪೆಯನ್ನೇ ನೋಡಿ. 2450 ಮೀಟರಿನ ರನ್‌ವೇ, ಅದರ ಆಚೆಗೆ ಕಂದಕ. 2010ರ ಮೇ 22ರಂದು ವಿಮಾನ ರನ್‌ವೇ ದಾಟಿ ಆ ಕಂದಕಕ್ಕೆ ಬಿದ್ದು 158 ಜನ ಹೋದರು. ಆ ಇಳಿಜಾರನ್ನು ಬಿಟ್ಟು ಬಜ್ಪೆಯನ್ನು ಕಟ್ಟಿದರೆ ಅದು ಬಜ್ಪೆ ಆಗುವುದೇ ಇಲ್ಲ. ಇಳಿಯುವಾಗ ಪೈಲಟ್‌ನ ಕಣ್ಣಿಗೆ ಬೀಳುವುದೇ ಅದು.

ವೆಡ್ ಕೊಡುವ ದಾರಿ ಒಂದಿದೆ, ನಿಲ್ದಾಣದ ಗುಣಗಳಲ್ಲಿ ‘ಆಲ್ವೇಸ್ ಫ್ಲ್ಯಾಟನ್’ ಅಂತ. ಅದನ್ನು ಹಾಕಿದರೆ ನಿಲ್ದಾಣದ ಗಡಿಯೊಳಗಿನ ನೆಲವೆಲ್ಲ ಒಂದೇ ಎತ್ತರಕ್ಕೆ ಬರುತ್ತದೆ. ನಿಜವಾದ ರನ್‌ವೇಗಳು ಹಾಗೆ ಪೂರ್ತಿ ಮಟ್ಟವಾಗಿರುವುದು ಅಪರೂಪ. ಆದರೂ ಗಡಿಯ ಗೆರೆಯನ್ನು ಬೇಲಿಯಾಚೆ ದೂರಕ್ಕೆ ಎಳೆಯದೆ, ಗುಡ್ಡ ಇಳಿಯಲು ಶುರುವಾಗುವ ಅಂಚಿಗೇ ಒತ್ತಿ ಎಳೆದರೆ ಇಳಿಜಾರು ಹೆಚ್ಚುಕಡಿಮೆ ಅದರ ಜಾಗದಲ್ಲೇ ಬೀಳುತ್ತದೆ. ನನ್ನ ಸ್ವಂತ ಪ್ರತಿಗೆ ಈ ಉಪಾಯ ಮಾಡಿಕೊಂಡಿದ್ದೇನೆ, ಇತರರಿಗೆ ಕಳಿಸುವ ಪ್ರತಿಯಲ್ಲಿ ಮಾಡುವುದಿಲ್ಲ. ಮೆಶ್‌ನ ತ್ರಿಕೋನ ದೊಡ್ಡದಿದ್ದ ಕಡೆ ಅಂಚು ಚೂಪಾಗಿ ಬರದೆ ಹಿಗ್ಗಿಕೊಂಡು ಹೋಗುತ್ತದೆ. ನೋಡಿದಾಗಲೆಲ್ಲ ಮನಸ್ಸಿಗೆ ಕಿರಿಕಿರಿ.

ಇಷ್ಟೆಲ್ಲ ಇದ್ದೂ ದಿನಾ ರಾತ್ರಿ ಊಟ ಆದ ಮೇಲೆ ವೆಡ್ ತೆರೆಯದೆ ಇರಲಾರೆ. ಹಿನ್ನೆಲೆಗೆ ಉಪಗ್ರಹ ಚಿತ್ರ ಹಾಕಿಕೊಂಡು ಟ್ಯಾಕ್ಸಿವೇಯ, ಅಂದರೆ ವಿಮಾನ ರನ್‌ವೇಗೆ ಹೋಗಿಬರುವ ದಾರಿಯ, ಅಂಚನ್ನು ಹಿಡಿಯುತ್ತೇನೆ. ಒಂದು ಕ್ಲಿಕ್ ಮಾಡಿದರೆ ಚುಕ್ಕಿ. ಬೆರಳು ಬಿಡದೆ ಎಳೆದರೆ ಚುಕ್ಕಿಯಿಂದ ಎರಡು ಕಡೆ ಕಡ್ಡಿ ಹೊರಡುತ್ತದೆ, ಗೆರೆ ಬಾಗುತ್ತದೆ. ಟ್ಯಾಕ್ಸಿವೇ ರನ್‌ವೇಗೆ ಕೂಡುವ ತಿರುವಿನಲ್ಲಿ ಈ ಕಡ್ಡಿಗಳ ಉದ್ದ ಸರಿಯಾಗಿ ಕೂರುವವರೆಗೆ ಕಾಫಿ ಆರಿದರೂ ಗೊತ್ತಾಗುವುದಿಲ್ಲ. ಹಳದಿ ಮಧ್ಯಗೆರೆ ಆ ತಿರುವಿನ ಜೊತೆಗೇ ಬಾಗಬೇಕು, ಅದರ ಹಸಿರು ದೀಪಗಳೂ. ಗುಡ್ಡಗಾಡಿನಲ್ಲಿ ಉಪಗ್ರಹ ಚಿತ್ರ ಕೆಲವು ಮೀಟರ್ ಅತ್ತಿತ್ತ ಸರಿದಿರುವುದುಂಟು. ಹಾಗಾಗಿ ವಿಮಾನ ನಿಲ್ದಾಣ ಪ್ರಾಧಿಕಾರ ಪ್ರಕಟಿಸುವ ಎಐಪಿ ಎಂಬ ಅಧಿಕೃತ ಮಾಹಿತಿ ಪುಸ್ತಕದಲ್ಲಿ ರನ್‌ವೇ ತುದಿಗಳ ಅಕ್ಷಾಂಶ ರೇಖಾಂಶ ನೋಡಿ, ಕಣ್ಣೂರಿನ 3050 ಮೀಟರ್ ಸರಿಬಂತೋ ಇಲ್ಲವೋ ಅಂತ ತಾಳೆ ಹಾಕಿ ಮುಂದೆ ಹೋಗಬೇಕು. ಚಿತ್ರವನ್ನೇ ನಂಬಿ ಎಳೆದರೆ ಐಎಲ್‌ಎಸ್ (ಇಳಿಯಲು ದಾರಿ ತೋರುವ ರೇಡಿಯೋ ಸಂಕೇತ) ಹಿಡಿದು ಬಂದ ವಿಮಾನ ಮಧ್ಯಗೆರೆಯ ಪಕ್ಕಕ್ಕೆ ಇಳಿಯುತ್ತದೆ.

ನಾನು ಎಣಿಸದೇ ಇದ್ದ ಖುಷಿ ಸಿಕ್ಕಿದ್ದು ಟ್ಯಾಕ್ಸಿ ಮಾರ್ಗಗಳಲ್ಲಿ. ಅವು ಕಣ್ಣಿಗೆ ಕಾಣದ ಗೆರೆಗಳು, ಕಂಪ್ಯೂಟರ್ ಓಡಿಸುವ ವಿಮಾನಗಳಿಗೆ ದಾರಿ ತೋರಿಸಲು. ಪ್ರತಿ ಗೆರೆಗೂ ಟ್ಯಾಕ್ಸಿವೇಯ ಹೆಸರು ಕೊಡಬೇಕು, ರನ್‌ವೇ ಹತ್ತಿರದ ಭಾಗವನ್ನು ಅಪಾಯದ ವಲಯ ಅಂತ ಗುರುತಿಸಬೇಕು, ನಿಲ್ಲುವ ಜಾಗಗಳಿಗೆ ವಿಮಾನದ ಗಾತ್ರ ಹೇಳಬೇಕು. ಬೇಸರದ ಕೆಲಸ ಅಂತ ತುಂಬಾ ದಿನ ತಳ್ಳಿಕೊಂಡು ಬಂದಿದ್ದೆ. ಕೊನೆಗೆ ಮಾಡಿ ಮುಗಿಸಿ, ಸಿಮ್ಯುಲೇಟರ್ ತೆರೆದು ವಿಮಾನಗಳು ನಿಲ್ಲುವ ಅಂಗಳದ (ಏಪ್ರನ್) ಪಕ್ಕದಲ್ಲಿ ಸುಮ್ಮನೆ ಕ್ಯಾಮೆರಾ ಇಟ್ಟೆ. ಒಂದು ಬೋಯಿಂಗ್ 737 ಹಿಂದಕ್ಕೆ ಸರಿದು, ನಾನು ಬಾಗಿಸಿದ ತಿರುವಿನಲ್ಲೇ ಬಾಗಿ, ನಾನು ಎಳೆದ ಗೆರೆಗೆ ಸರಿಯಾಗಿ ನಿಂತು ಕಾಯಿತು. ಇನ್ನೊಂದು ಇಳಿದ ಮೇಲೆ ರನ್‌ವೇಗೆ ಹೋಯಿತು. ಕುವೈತಿನಿಂದ ರಜೆಗೆ ಬಂದಿದ್ದ ಭಾವ ಪಕ್ಕದಲ್ಲಿ ನಿಂತು ನೋಡಿ, “ಇದು ನಮ್ಮ ಮಟ್ಟನ್ನೂರೇ ಅಲ್ವಾ?” ಅಂದರು. ಟರ್ಮಿನಲ್ ನೋಡಿ ಹೇಳಿದ್ದಲ್ಲ ಅದು. ವಿಮಾನ ತಿರುಗಿದ ರೀತಿ ನೋಡಿ ಹೇಳಿದ್ದು.

ಕಟ್ಟಡಗಳಿಗೆ ಜಾಸ್ತಿ ಹೇಳುವುದಿಲ್ಲ. ಲೈಬ್ರರಿಯಲ್ಲಿ ಇರುವುದನ್ನೇ ಜೋಡಿಸಬೇಕು, ತಳದ ಆಕಾರ ಎಳೆದರೆ ಗೋಡೆ ಏಳುವ ಫಸಾಡ್‌ಗಳು ಸಾಕಷ್ಟಿವೆ. ನಿಜವಾದದ್ದರ ಹಾಗೇ ಇರುವ ಟರ್ಮಿನಲ್ ಬೇಕೆಂದರೆ ಬ್ಲೆಂಡರ್ ಎಂಬ 3ಡಿ ತಂತ್ರಾಂಶ ಕಲಿಯಬೇಕು.

ವ್ಯಾಲಿಡೇಟ್ ಒತ್ತಿದರೆ ತಪ್ಪುಗಳ ಪಟ್ಟಿ ಬರುತ್ತದೆ, ಸಾಲನ್ನು ಆರಿಸಿದರೆ ನಕ್ಷೆಯಲ್ಲಿ ಆ ಜಾಗಕ್ಕೇ ಕರೆದೊಯ್ಯುತ್ತದೆ. ಎಲ್ಲ ಸರಿಯಾದ ಮೇಲೆ ಸೀನರಿ ಗೇಟ್‌ವೇ ಎಂಬ ಎಕ್ಸ್-ಪ್ಲೇನ್‌ನವರ ತಾಣಕ್ಕೆ ವೆಡ್‌ನಿಂದಲೇ ಕಳಿಸಬಹುದು. ಅಲ್ಲಿನವರು ನೋಡಿ ಒಪ್ಪಿದರೆ ಎಕ್ಸ್-ಪ್ಲೇನ್‌ನ ಮುಂದಿನ ಅಪ್‌ಡೇಟ್‌ಗಳ ಜೊತೆ ಎಲ್ಲರ ಕಂಪ್ಯೂಟರಿಗೂ ಹೋಗುತ್ತದೆ. ದುಡ್ಡು ಬರುವುದಿಲ್ಲ, ದುಡ್ಡು ಹೋಗುವುದೂ ಇಲ್ಲ. ತೋಟದ ಆದಾಯದಲ್ಲಿ ಹವ್ಯಾಸಕ್ಕೆ ಎತ್ತಿಡುವ ನನ್ನಂಥವರಿಗೆ ಇದು ದೊಡ್ಡ ಮಾತು.

ಮಳೆಗಾಲದಲ್ಲಿ ಕೂರುವವರಿಗೆ ಒಂದು ಕಿವಿಮಾತು: ಐದು ನಿಮಿಷಕ್ಕೊಮ್ಮೆ ಸೇವ್ ಮಾಡಿ. ಕರೆಂಟ್ ಹೋಗಿ ಕಡತ ಕೆಟ್ಟರೆ ಅದೇ ಫೋಲ್ಡರಿನಲ್ಲಿ ಹೆಸರಿನಲ್ಲಿ ‘ಬ್ಯಾಕ್’ (bak) ಅಂತಿರುವ ಹಿಂದಿನ ಪ್ರತಿ ಇರುತ್ತದೆ, ಅದರ ಹೆಸರು ಬದಲಿಸಿ ತೆರೆಯಬಹುದು.

ಬಯಲಿನ ನಿಲ್ದಾಣ ಕಟ್ಟುವವರು ಕಣ್ಣು ಮುಚ್ಚಿ ವೆಡ್ ಹಿಡಿಯಿರಿ. ಗುಡ್ಡದ ನಿಲ್ದಾಣ ಕಟ್ಟುವವರೂ ಇದರಲ್ಲೇ ಶುರುಮಾಡಿ, ಆದರೆ ಮೆಶ್‌ಗೆ ಆರ್ಥೋ4ಎಕ್ಸ್‌ಪಿ ಥರದ ಬೇರೆ ಸಾಧನ ಬೇಕೇ ಬೇಕು. ಅದಕ್ಕೆ ಎಷ್ಟೋ ಜಿಬಿ ಚಿತ್ರ ಇಳಿಸಬೇಕು, ನಮ್ಮ ತೋಟದ ಮನೆಯ ನೆಟ್ಟಿಗೆ ಎರಡು ಚೌಕ ಅಂದರೆ ವಾರಗಟ್ಟಲೆ ಕೆಲಸ. ಕಣ್ಣೂರಿನ ಚೌಕ ಇಳಿಸಲು ಹಾಕಿದ್ದೇನೆ. ಅದು ಕೂತ ಮೇಲೆ ಬಜ್ಪೆ.