ಕೊರಿಯಾದ ಬೇಸಿಗೆ ತರಗತಿಗೆ ಹೊರಡುವ ಮುನ್ನ ಆಂಕಿ: ಗೇಮರ್ ಕಣ್ಣಿನಲ್ಲಿ ಒಂದು ವಿಮರ್ಶೆ

ಕಾಲೇಜಿನಲ್ಲಿ ಓದುತ್ತ, ಬಿಡುವಿನ ವೇಳೆಯನ್ನೆಲ್ಲ ಗೇಮ್‌ಗಳಿಗೆ ಕೊಡುವವರು ರಜೆಯಲ್ಲಿ ಕೊರಿಯನ್ ಭಾಷೆ ಕಲಿಯಲು ಸಿಯೋಲ್‌ಗೆ ಹೊರಟರೆ, ಅವರಿಗೆ ಮೊದಲು ಸಿಗುವ ಸಲಹೆ ಪಾಠವನ್ನೇ ಆಟವಾಗಿಸಿದ ಬಣ್ಣಬಣ್ಣದ ಆಪ್‌ಗಳದ್ದು. ಆಟ ಇಷ್ಟಪಡುವವರಿಗೆ ಆಟದ ರೂಪದ ಪಾಠವೇ ಒಪ್ಪುತ್ತದೆ ಎಂಬ ತರ್ಕ ಮೇಲ್ನೋಟಕ್ಕೆ ಸರಿಯೆನಿಸಿದರೂ ನನಗೆ ಒಪ್ಪಿಗೆಯಿಲ್ಲ. ಅಂಕ, ಪದಕ, ಸತತ ದಿನಗಳ ಲೆಕ್ಕ ಇವುಗಳನ್ನು ಕಡಿಮೆ ಶ್ರಮದಲ್ಲಿ ಹಿಂಡಿ ತೆಗೆಯುವ ವಿದ್ಯೆ ಗೇಮರ್‌ಗಳಿಗೆ ಮೊದಲೇ ಕರಗತವಾಗಿರುತ್ತದೆ. ಆದ್ದರಿಂದ ಅಂಥ ಆಪ್ ಕೈಗೆ ಸಿಕ್ಕಿದಾಗ ಅವರು ಭಾಷೆಯನ್ನು ಪಕ್ಕಕ್ಕಿಟ್ಟು ಅಂಕವನ್ನೇ ಬೆನ್ನಟ್ಟುತ್ತಾರೆ. ಪ್ರಶ್ನೋತ್ತರದ ಕಾರ್ಡುಗಳನ್ನು ಮತ್ತೆ ಮತ್ತೆ ತೋರಿಸಿ ನೆನಪಿಡಿಸುವ ಆಂಕಿ ಎಂಬ ಹಳೆಯ, ನೀರಸ, ಬೂದು ಬಣ್ಣದ ತಂತ್ರಾಂಶದಲ್ಲಿ ಗೆಲ್ಲಲು ಏನೂ ಇಲ್ಲ. ಆ ಕಾರಣಕ್ಕೇ ಅದು ಅವರಿಗೆ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಆಂಕಿಯನ್ನು ಡೇಮಿಯನ್ ಎಲ್ಮ್ಸ್ ಎಂಬುವವರು 2006ರಲ್ಲಿ ಹೊರತಂದರು. ಕಂಪ್ಯೂಟರ್ ಆವೃತ್ತಿ ಉಚಿತ, ಅದರ ಮೂಲಸಂಕೇತವೂ ಮುಕ್ತ. ಆಂಡ್ರಾಯ್ಡ್ ಫೋನ್‌ಗಳಿಗಿರುವ ಆಂಕಿಡ್ರಾಯ್ಡ್ ಸ್ವಯಂಸೇವಕರು ಬೇರೆಯಾಗಿಯೇ ನಡೆಸುವ ಯೋಜನೆ, ಅದೂ ಉಚಿತ. ಐಫೋನ್ ಆವೃತ್ತಿಗೆ ಮಾತ್ರ ಸುಮಾರು 25 ಡಾಲರ್ ಒಮ್ಮೆ ಕೊಡಬೇಕು. ಕೆಲಸ ಸರಳ. ಕಾರ್ಡಿನ ಮುಂಬದಿಯಲ್ಲಿ ಪ್ರಶ್ನೆ, ಹಿಂಬದಿಯಲ್ಲಿ ಉತ್ತರ. ಉತ್ತರ ನೋಡಿದ ಮೇಲೆ ನಾಲ್ಕು ಗುಂಡಿಗಳಲ್ಲಿ ಒಂದನ್ನು ಒತ್ತಿ, ಎಷ್ಟು ನೆನಪಿತ್ತೆಂದು ನಾವೇ ಹೇಳಬೇಕು. ಮರೆತದ್ದು ಬೇಗ ಮರಳಿ ಬರುತ್ತದೆ, ನೆನಪಿದ್ದದ್ದು ದಿನ, ವಾರ, ತಿಂಗಳುಗಳಷ್ಟು ದೂರ ಸರಿಯುತ್ತದೆ. ಈ ಅಂತರದ ಲೆಕ್ಕಾಚಾರ ಬಹುಕಾಲ ಪೋಲೆಂಡಿನ ಪಿಯೋತ್ರ್ ವೋಜ್ನಿಯಾಕ್ 1987ರಲ್ಲಿ ರೂಪಿಸಿದ ಸೂತ್ರವನ್ನು ಆಧರಿಸಿತ್ತು. 2023ರ ಕೊನೆಯಲ್ಲಿ ಬಂದ ಆವೃತ್ತಿಯಿಂದ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಸೂತ್ರವೂ ಲಭ್ಯವಿದ್ದು, ಅದು ನಮ್ಮದೇ ಹಿಂದಿನ ಉತ್ತರಗಳನ್ನು ನೋಡಿ ಅಂತರವನ್ನು ಹೊಂದಿಸಿಕೊಳ್ಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಚಾಲೂ ಮಾಡಿ, ನೆನಪಿನ ಗುರಿಯನ್ನು ಮೊದಲಿಗೇ ಇರುವ ಶೇಕಡ 90ರಲ್ಲೇ ಬಿಟ್ಟು, ಉಳಿದ ಸೆಟ್ಟಿಂಗ್‌ಗಳನ್ನು ಮುಟ್ಟದಿರುವುದು ಒಳ್ಳೆಯದು.

ಇಷ್ಟಾದರೆ ಅದು ಎಲ್ಲ ವಿದ್ಯಾರ್ಥಿಗಳಿಗೂ ಒಂದೇ. ಗೇಮರ್‌ಗೆ ಇದರ ಬೆಲೆ ಗೊತ್ತಾಗುವುದು ಸಿದ್ಧ ಕಾರ್ಡುಗಳನ್ನು ಇಳಿಸಿಕೊಳ್ಳುವುದನ್ನು ಬಿಟ್ಟು, ತಾನು ಆಡುವ ಗೇಮಿನಿಂದಲೇ ಕಾರ್ಡು ಮಾಡಿಕೊಳ್ಳಲು ತೊಡಗಿದಾಗ. ಗೇಮ್ ಮಾರುವ ಸ್ಟೀಮ್ ಎಂಬ ತಾಣದಲ್ಲಿ ಹೆಚ್ಚಿನ ಗೇಮ್‌ಗಳ ಭಾಷೆಯನ್ನು ಒಂದೊಂದಾಗಿ ಬದಲಿಸಬಹುದು. ಸ್ಟಾರ್‌ಡ್ಯೂ ವ್ಯಾಲಿಯಂಥ ನಿಧಾನಗತಿಯ ಗೇಮ್ ಕೊರಿಯನ್‌ನಲ್ಲಿ ಲಭ್ಯವಿದ್ದು, ಹವಾಮಾನ, ಋತು, ಅಂಗಡಿ, ಉಡುಗೊರೆ, ಅಡುಗೆ ಎಂದು ದಿನಬಳಕೆಯ ಶಬ್ದಗಳನ್ನೇ ಮತ್ತೆ ಮತ್ತೆ ಮುಂದಿಡುತ್ತದೆ. ಮಾತು ಪರದೆಯ ಮೇಲೆ ನಿಂತೇ ಇರುತ್ತದೆ, ಗುಂಡಿ ಒತ್ತುವವರೆಗೆ ಹೋಗುವುದಿಲ್ಲ. ಭಾಷೆ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಲೀಗ್ ಆಫ್ ಲೆಜೆಂಡ್ಸ್ ಬಗೆಯ ವೇಗದ ಪಂದ್ಯಗಳು ಈ ಕೆಲಸಕ್ಕೆ ಬಾರವು. ಅಲ್ಲಿ ಓದುವಷ್ಟು ಹೊತ್ತು ನಿಂತರೆ ತಂಡದವರ ಬೈಗುಳವಷ್ಟೇ ಶಬ್ದಭಂಡಾರಕ್ಕೆ ಸೇರುತ್ತದೆ.

ಒಂದು ಕಾರ್ಡನ್ನು ಹತ್ತಿರದಿಂದ ನೋಡೋಣ. ಗೇಮ್ ಉಳಿಸುವ ಮುನ್ನ ಪರದೆಯಲ್ಲಿ ಬರುವ ‘ಜೊಜಾಂಗ್ ಹಾಶಿಗೆಸ್ಸುಮ್ನಿಕ್ಕಾ’ (ಉಳಿಸಬೇಕೇ?) ಎಂಬ ಪ್ರಶ್ನೆಯ ಚಿತ್ರವನ್ನು ತೆಗೆದು ಮುಂಬದಿಗೆ ಹಾಕುತ್ತೇನೆ. ‘ಜೊಜಾಂಗ್’ ಇರುವ ಜಾಗವನ್ನು ಮುಚ್ಚುತ್ತೇನೆ. ಚಿತ್ರದ ಒಂದು ಭಾಗವನ್ನು ಮುಚ್ಚುವ ಸೌಲಭ್ಯ ಈಗ ಆಂಕಿಯ ಒಳಗೇ ಇದೆ, ಪ್ರತ್ಯೇಕ ಆಡ್‌ಆನ್ (ಮೇಲಿಂದ ಸೇರಿಸುವ ಪುಟ್ಟ ತಂತ್ರಾಂಶ) ಬೇಕಿಲ್ಲ. ಹಿಂಬದಿಯಲ್ಲಿ ಆ ಶಬ್ದ ಹಂಗುಲ್ ಲಿಪಿಯಲ್ಲಿ, ಜೊತೆಗೆ ಅದರ ಧ್ವನಿ, ಅಷ್ಟೇ. ಅರ್ಥವನ್ನು ಬರೆಯುವ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ಆ ಚೌಕವನ್ನೂ ಅದರ ಕೆಳಗಿನ ಎರಡು ಗುಂಡಿಗಳನ್ನೂ ನೋಡಿದ ಕೂಡಲೇ ಕೇಳುತ್ತಿರುವುದೇನೆಂದು ಕೈಗೇ ಗೊತ್ತಿರುತ್ತದೆ. ಯಾರೋ ಅಪರಿಚಿತರು ಮಾಡಿಟ್ಟ ಐದು ಸಾವಿರ ಶಬ್ದಗಳ ಕಟ್ಟಿನಲ್ಲಿ ಸಿಗದ ಲಾಭ ಇದು: ಪ್ರತಿ ಶಬ್ದಕ್ಕೂ ಒಂದು ಸಂದರ್ಭ, ಒಂದು ಜಾಗ, ಒಂದು ಉದ್ದೇಶ ಇರುತ್ತದೆ.

ಆದರೆ ಗೇಮಿನ ಕೊರಿಯನ್‌ನಲ್ಲಿ ಒಂದು ಓರೆ ಇದೆ, ಅದನ್ನು ಅರಿಯದೆ ಕಾರ್ಡು ಗುಡ್ಡೆ ಹಾಕಿದರೆ ಬೇಸಿಗೆಯ ಮೊದಲ ವಾರದಲ್ಲೇ ಪೇಚಿಗೆ ಸಿಲುಕಬೇಕಾಗುತ್ತದೆ. ಕೊರಿಯನ್‌ನಲ್ಲಿ ಕೇಳುವವರ ಸ್ಥಾನಮಾನಕ್ಕೆ ತಕ್ಕಂತೆ ಕ್ರಿಯಾಪದದ ಕೊನೆ ಬದಲಾಗುತ್ತದೆ. ಮೇಲಿನ ಕಾರ್ಡಿನಲ್ಲಿರುವುದು ಅತಿ ಗೌರವದ, ಘೋಷಣೆಯಂಥ ರೂಪ; ಸೈನ್ಯ, ಸುದ್ದಿವಾಚನ, ರೈಲಿನ ಪ್ರಕಟಣೆಗಳಲ್ಲಿ ಕೇಳಿಬರುವ ಬಗೆ. ಗೇಮಿನ ಮೆನುಗಳೆಲ್ಲ ಬಹುತೇಕ ಇದೇ ಧಾಟಿಯಲ್ಲಿ ಮಾತನಾಡುತ್ತವೆ. ಇನ್ನೊಂದು ಕಡೆ, ವೀರರು, ಖಳರು, ಸಹಚರರು ಪರಸ್ಪರ ಆಡುವುದು ಬಾನ್ಮಲ್ ಎನ್ನುವ ಏಕವಚನದ ಸಲುಗೆಯ ಮಾತು. ಆನ್‌ಲೈನ್ ಚಾಟ್‌ನಲ್ಲೂ ಬಹುಪಾಲು ಅದೇ. ಇವೆರಡರ ನಡುವೆ ‘ಯೊ’ ಎಂದು ಮುಗಿಯುವ ವಿನಯದ ಮಾತಿದೆಯಲ್ಲ, ಅಧ್ಯಾಪಕರ ಜೊತೆ, ಅಂಗಡಿಯಲ್ಲಿ, ಹಾಸ್ಟೆಲಿನ ಕಚೇರಿಯಲ್ಲಿ, ಈಗಷ್ಟೇ ಪರಿಚಯವಾದ ಸಹಪಾಠಿಯ ಜೊತೆ ದಿನವಿಡೀ ಬೇಕಾಗುವುದು ಅದು. ಗೇಮ್‌ಗಳಲ್ಲಿ ಅಷ್ಟಾಗಿ ಸಿಗದಿರುವುದೂ ಅದೇ. ಹಾಗಾಗಿ ಗೇಮ್ ಒಂದನ್ನೇ ನಂಬಿದವರು ಒಂದೋ ರೈಲು ನಿಲ್ದಾಣದ ಧ್ವನಿವರ್ಧಕದಂತೆ ಮಾತನಾಡುತ್ತಾರೆ, ಇಲ್ಲವೇ ಹಿರಿಯರನ್ನು ಏಕವಚನದಲ್ಲಿ ಮಾತನಾಡಿಸಿ ಕೆಂಗಣ್ಣಿಗೆ ಗುರಿಯಾಗುತ್ತಾರೆ. ಆಂಕಿ ಇದನ್ನು ತಾನಾಗಿ ಸರಿಪಡಿಸುವುದಿಲ್ಲ, ಸರಿಪಡಿಸುವ ಸೌಕರ್ಯವನ್ನಷ್ಟೇ ಕೊಡುತ್ತದೆ: ಗೇಮಿನಿಂದ ತೆಗೆದ ಪ್ರತಿ ವಾಕ್ಯಕ್ಕೂ ಜೊತೆಯಾಗಿ, ಅದೇ ವಾಕ್ಯವನ್ನು ‘ಯೊ’ ರೂಪಕ್ಕೆ ತಿರುಗಿಸಬೇಕಾದ ಎರಡನೆಯ ಕಾರ್ಡೊಂದನ್ನು ಮಾಡಿಕೊಳ್ಳಬಹುದು. ಈ ಜೋಡಿ ಕಾರ್ಡುಗಳು ನನ್ನ ಕಟ್ಟಿನಲ್ಲಿ ಅತಿ ಹೆಚ್ಚು ಕಾಡಿದವು, ಅತಿ ಹೆಚ್ಚು ಫಲ ಕೊಟ್ಟವೂ ಅವೇ. ನೀನು, ನೀವು, ಬಾ, ಬನ್ನಿ, ಬರಬೇಕು ಎಂದು ಆಳು ನೋಡಿ ಮಾತು ಬದಲಿಸುವ ಕನ್ನಡಿಗರಿಗೆ ಈ ವ್ಯವಸ್ಥೆ ವಿಚಿತ್ರವೆನಿಸದು. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ ಎಂಬ ಪದಕ್ರಮವೂ, ನಾಮಪದಕ್ಕೆ ಅಂಟುವ ಪ್ರತ್ಯಯಗಳೂ ಮನೆಯ ವಾತಾವರಣದವೇ. ಆದ್ದರಿಂದ ಹಿಂಬದಿಯಲ್ಲಿ ವಿವರಣೆ ಬರೆಯಲೇಬೇಕಾದರೆ ಇಂಗ್ಲಿಷಿಗಿಂತ ಕನ್ನಡದಲ್ಲೇ ಬರೆಯುವುದು ಲೇಸು.

ಸಂಖ್ಯೆಗಳ ವಿಷಯದಲ್ಲಿ ಮಾತ್ರ ಗೇಮ್ ಅಪ್ರತಿಮ ಗುರು. ಕೊರಿಯನ್‌ನಲ್ಲಿ ಎರಡು ಎಣಿಕೆಗಳಿವೆ: ಚೀನೀ ಮೂಲದ್ದೊಂದು, ದೇಸಿಯದ್ದೊಂದು. ಗಂಟೆಗೆ ದೇಸಿ ಎಣಿಕೆ, ನಿಮಿಷಕ್ಕೆ ಚೀನೀ ಎಣಿಕೆ. ವಸ್ತುಗಳನ್ನು ಒಂದೆರಡೆಂದು ಎಣಿಸುವಾಗ ದೇಸಿ, ಹಣಕ್ಕೆ ಚೀನೀ. ಇದಲ್ಲದೆ ದೊಡ್ಡ ಮೊತ್ತಗಳನ್ನು ನಮ್ಮ ಸಾವಿರ, ಲಕ್ಷಗಳಂತೆ ಕಟ್ಟದೆ ‘ಮಾನ್’ ಎಂಬ ಹತ್ತು ಸಾವಿರದ ಘಟಕದಲ್ಲಿ ಕಟ್ಟುತ್ತಾರೆ. 37,500 ವನ್ ಎಂದರೆ ಅವರಿಗೆ ಮೂರು ಮಾನ್, ಏಳು ಸಾವಿರದ ಐನೂರು. ಕೊರಿಯಾದ ನೋಟುಗಳಲ್ಲಿ ಅತಿ ದೊಡ್ಡದು 50,000 ವನ್, ಅದೂ ಐದು ಮಾನ್. ಮೇಪಲ್‌ಸ್ಟೋರಿಯಂಥ ಕೊರಿಯನ್ ಗೇಮ್‌ನಲ್ಲಿ ನಾಣ್ಯದ ರಾಶಿಯನ್ನು ಈ ಲೆಕ್ಕದಲ್ಲಿ ಓದಿ ರೂಢಿಯಾದವರಿಗೆ ಸಿಯೋಲ್‌ನ ಬೆಲೆಪಟ್ಟಿ ಕಣ್ಣಿಗೆ ತೊಡಕಾಗುವುದಿಲ್ಲ. ಪರದೆಯ ಸಂಖ್ಯೆಯನ್ನು ಮುಂಬದಿಗೆ, ಅದನ್ನು ಓದುವ ಧ್ವನಿಯನ್ನು ಹಿಂಬದಿಗೆ ಹಾಕಿದ ಕಾರ್ಡುಗಳು ಮಾಡಲು ಅತಿ ಸುಲಭ.

ಧ್ವನಿಯ ಮಾತು ಬಂದದ್ದರಿಂದ ಹೇಳುತ್ತೇನೆ: ಧ್ವನಿಯಿಲ್ಲದ ಕೊರಿಯನ್ ಕಾರ್ಡು ಅರ್ಧ ಕಾರ್ಡು. ಹಂಚಿಕೆಗಿಟ್ಟ ಉಚಿತ ಕಟ್ಟುಗಳಲ್ಲಿ ಹಲವಕ್ಕೆ ಧ್ವನಿಯಿರುವುದಿಲ್ಲ, ಬದಲಿಗೆ ರೋಮನ್ ಲಿಪಿಯ ಉಚ್ಚಾರಣೆಯಿರುತ್ತದೆ; ಅಂಥವನ್ನು ಇಳಿಸಿಕೊಳ್ಳದಿರುವುದೇ ಮೇಲು. ಹಂಗುಲ್‌ನ ಮೂಲಾಕ್ಷರಗಳು 24, ಮನಸ್ಸಿಟ್ಟರೆ ವಾರದೊಳಗೆ ಓದಲು ಬರುತ್ತದೆ, ಆಮೇಲೆ ಊರುಗೋಲು ಏಕೆ? ಕನ್ನಡ ಲಿಪಿಯಲ್ಲಿ ಬರೆದುಕೊಂಡರೂ ಪೂರ್ತಿ ಬಗೆಹರಿಯದು. ನಮ್ಮಲ್ಲಿ ಕ, ಖ, ಗ ಇವೆ; ಅವರಲ್ಲಿ ಸಾದಾ, ಮಹಾಪ್ರಾಣ, ಬಿಗಿ ಎಂಬ ಬೇರೆಯೇ ಮೂರು ವಿಭಾಗ. ಸಾದಾ ವ್ಯಂಜನ ಶಬ್ದದ ಮೊದಲಲ್ಲಿ ಒಂದು ಬಗೆ, ಎರಡು ಸ್ವರಗಳ ನಡುವೆ ಇನ್ನೊಂದು ಬಗೆ ಕೇಳುತ್ತದೆ, ಬಿಗಿ ವ್ಯಂಜನವನ್ನು ನಮ್ಮ ಕಿವಿ ಮೊದಮೊದಲು ಹಿಡಿಯುವುದೇ ಇಲ್ಲ. ಫೋನ್ ಮತ್ತು ಕಂಪ್ಯೂಟರ್‌ನ ಕೃತಕ ಧ್ವನಿಯನ್ನೇ ಕಾರ್ಡಿಗೆ ಜೋಡಿಸುವ ವ್ಯವಸ್ಥೆ ಆಂಕಿಯಲ್ಲಿದೆ, ಕೊರಿಯನ್‌ಗೆ ಅದು ಸಾಕಷ್ಟು ಸ್ಪಷ್ಟ. ನೇವರ್ ಎಂಬ ಕೊರಿಯನ್ ಜಾಲತಾಣದ ನಿಘಂಟಿನಲ್ಲಿ ಮನುಷ್ಯ ಧ್ವನಿಯೂ ಸಿಗುತ್ತದೆ.

ಕೊರತೆಗಳು ಇಲ್ಲದಿಲ್ಲ. ಮೊದಲ ನೋಟಕ್ಕೆ ಆಂಕಿ ಯಾರನ್ನೂ ಒಳಗೆ ಕರೆಯುವುದಿಲ್ಲ; ಕಟ್ಟು, ಟಿಪ್ಪಣಿ, ಕಾರ್ಡು, ಟೆಂಪ್ಲೇಟು ಎಂಬ ಪರಿಭಾಷೆ ಒಂದಿಡೀ ಸಂಜೆಯನ್ನು ನುಂಗುತ್ತದೆ. ಗೇಮರ್‌ಗಳಿಗೆ ಇಲ್ಲೊಂದು ವಿಶೇಷ ಬಲೆಯೂ ಇದೆ. ಗೇಮಿನ ಪಾತ್ರದ ಬಿಲ್ಡ್ (ಶಕ್ತಿ, ಸಲಕರಣೆಗಳ ಜೋಡಣೆ) ತಿದ್ದುವ ಚಟವಿರುವವರು ಆಡ್‌ಆನ್, ಥೀಮ್, ಬಣ್ಣದ ಕ್ಯಾಲೆಂಡರುಗಳನ್ನು ತಿದ್ದುತ್ತಲೇ ಕುಳಿತು ಒಂದು ಶಬ್ದವನ್ನೂ ಕಲಿಯದೆ ಮಲಗುವುದುಂಟು. ಗುಂಡಿಗಳ ಬಳಕೆಯೂ ಸೂಕ್ಷ್ಮ: ಮರೆತ ಕಾರ್ಡಿಗೆ ‘ಅಗೇನ್’ ಒತ್ತುವ ಬದಲು ಮುಖ ಉಳಿಸಿಕೊಳ್ಳಲು ‘ಹಾರ್ಡ್’ (ಕಷ್ಟಪಟ್ಟು ನೆನಪಾಯಿತು) ಒತ್ತಿದರೆ, ನೆನಪಿತ್ತೆಂದೇ ಸೂತ್ರ ಭಾವಿಸಿ ಲೆಕ್ಕ ತಪ್ಪುತ್ತದೆ. ದಿನಕ್ಕೆ 20 ಹೊಸ ಕಾರ್ಡುಗಳೆಂಬ ಮೂಲ ಮಿತಿ ನೋಡಲು ಸಣ್ಣದು. ಆದರೆ ಹೊಸ ಕಾರ್ಡುಗಳ ಹತ್ತು ಪಟ್ಟು ಪುನರಾವರ್ತನೆ ಬಂದು ಕೂರುತ್ತದೆಂಬುದು ಬಳಕೆದಾರರಲ್ಲಿ ರೂಢಿಯಾದ ಲೆಕ್ಕ, ಪರೀಕ್ಷೆಯ ತಿಂಗಳಲ್ಲಿ ಅಷ್ಟನ್ನು ಹೊರುವುದು ಕಷ್ಟ. ಎಂಟೋ ಹತ್ತೋ ಸಾಕು. ಇವೆಲ್ಲಕ್ಕಿಂತ ದೊಡ್ಡ ಮಿತಿಯೆಂದರೆ ಆಂಕಿ ಯಾರನ್ನೂ ಮಾತನಾಡಿಸುವುದಿಲ್ಲ. ಗುರುತಿಸುವುದು ಬೇರೆ, ಬಾಯಿ ತೆರೆದು ಹೇಳುವುದು ಬೇರೆ. ಎರಡನೆಯದಕ್ಕೆ ಮನುಷ್ಯರೇ ಬೇಕು.

ಮಾತಿನ ಆ ಕೊರತೆಯನ್ನು ತರಗತಿ ತುಂಬುತ್ತದೆ ಎಂಬ ಕಾರಣಕ್ಕೇ ಆಂಕಿ ಪ್ರವಾಸಪೂರ್ವ ತಯಾರಿಗೆ ಹೊಂದುತ್ತದೆ. 1959ರಿಂದ ನಡೆಯುತ್ತಿರುವ ಯೋನ್ಸೆ ವಿಶ್ವವಿದ್ಯಾಲಯದ ಭಾಷಾ ಸಂಸ್ಥೆ, ಮಾತಿಗೆ ಒತ್ತು ಕೊಡುವುದಕ್ಕೆ ಹೆಸರಾದ ಸೊಗಾಂಗ್ ವಿಶ್ವವಿದ್ಯಾಲಯ ಇವುಗಳ ನಿಯಮಿತ ಅವಧಿ ಹತ್ತು ವಾರ, 200 ಗಂಟೆ. ಬೇಸಿಗೆಯ ಕಿರು ತರಗತಿಗಳು ಅದಕ್ಕಿಂತ ಚಿಕ್ಕವು. ಸೇರುವಾಗ ಮಟ್ಟ ನಿರ್ಧರಿಸುವ ಪರೀಕ್ಷೆಯೊಂದಿರುತ್ತದೆ. ಹಂಗುಲ್ ಓದಲು ಬಾರದವರು ಅಕ್ಷರಾಭ್ಯಾಸದಿಂದಲೇ ಆರಂಭಿಸಬೇಕಾಗುತ್ತದೆ, ಚಿಕ್ಕ ಅವಧಿಯಲ್ಲಿ ಅದು ತುಟ್ಟಿಯ ಬಾಬತ್ತು. ಕೆಲವು ನೂರು ಶಬ್ದಗಳು, ಎರಡು ಎಣಿಕೆಗಳು, ‘ಯೊ’ ರೂಪಗಳು ಕೈಯಲ್ಲಿದ್ದರೆ ಅಷ್ಟು ದಿನಗಳು ಮಾತಿಗೆ ಸಿಗುತ್ತವೆ.

ಸಿಯೋಲ್‌ಗೆ ಹೋದ ಗೇಮರ್ ಪಿಸಿ ಬಾಂಗ್ ಎಂಬ ಬಾಡಿಗೆ ಕಂಪ್ಯೂಟರ್ ಗೇಮ್ ಕೇಂದ್ರಕ್ಕೆ ಕಾಲಿಡದೆ ಬರುವುದುಂಟೇ? ಗಂಟೆಗೆ ಒಂದೆರಡು ಸಾವಿರ ವನ್ ಆಸುಪಾಸಿನಲ್ಲಿ ಒಳ್ಳೆಯ ಯಂತ್ರವೂ ಕುಳಿತಲ್ಲಿಗೇ ರಾಮ್ಯೊನ್ ನೂಡಲ್ಸ್ ಬಟ್ಟಲೂ ಸಿಗುವ ಆ ಕೋಣೆಗಳಿಗಾಗಿ ಪ್ರತ್ಯೇಕ ಕಟ್ಟೊಂದನ್ನು ಮಾಡಿಕೊಳ್ಳುವುದು ಸಾರ್ಥಕ. ಬಾಗಿಲಲ್ಲಿನ ಯಂತ್ರ ಮೊದಲು ಕೇಳುವುದು ಹ್ವೆವೊನ್, ಬಿಹ್ವೆವೊನ್ ಎಂದು, ಅಂದರೆ ಸದಸ್ಯರೋ ಅಲ್ಲವೋ ಎಂದು. ಆಮೇಲೆ ಆಸನದ ಸಂಖ್ಯೆ, ಸಮಯ, ಪಾವತಿ. ಕೊರಿಯನ್ ಸರ್ವರ್‌ಗಳ ಹಲವು ಗೇಮ್‌ಗಳು ಖಾತೆ ತೆರೆಯಲು ಸ್ಥಳೀಯ ಫೋನ್ ಸಂಖ್ಯೆಯ ಮೂಲಕ ಗುರುತಿನ ದೃಢೀಕರಣ ಕೇಳುತ್ತವೆ, ಅಲ್ಪಕಾಲದ ವಿದ್ಯಾರ್ಥಿಗೆ ಇದು ಸುಲಭವಲ್ಲ. ತಮ್ಮ ಹಳೆಯ ಖಾತೆಯಿಂದಲೇ ಆಡಬಹುದಾದ ಗೇಮ್‌ಗಳನ್ನು ಮೊದಲೇ ಗುರುತಿಸಿಟ್ಟುಕೊಳ್ಳಬೇಕು.

ಹೊರಡುವುದಕ್ಕೆ ಒಂದೆರಡು ವಾರ ಮುಂಚೆ ಹೊಸ ಕಾರ್ಡುಗಳ ಮಿತಿಯನ್ನು ಸೊನ್ನೆಗಿಳಿಸಿ ಬಾಕಿಯನ್ನಷ್ಟೇ ತೀರಿಸುವುದು ಒಳ್ಳೆಯದು. ಅಲ್ಲಿಗೆ ತಲುಪಿದ ಮೇಲೆ ಗೇಮಿನ ಕಾರ್ಡುಗಳನ್ನು ನಿಲ್ಲಿಸಿ, ಆ ದಿನದ ಪಾಠದಲ್ಲೋ ಊಟದ ಮನೆಯಲ್ಲೋ ತಡವರಿಸಿದ ವಾಕ್ಯಗಳನ್ನೇ ಸೇರಿಸುತ್ತ ಹೋಗಬೇಕು. ಇಂಟರ್ನೆಟ್ ಇಲ್ಲದೆಯೂ ಆಪ್ ಕೆಲಸ ಮಾಡುವುದರಿಂದ ಮೆಟ್ರೋ ಪ್ರಯಾಣವೇ ಪುನರಾವರ್ತನೆಗೆ ಸಾಕು. ಆಂಡ್ರಾಯ್ಡ್ ಬಳಸುವವರು ಯೋಚಿಸದೆ ಹಾಕಿಕೊಳ್ಳಬಹುದು. ಐಫೋನ್ ಇರುವವರು ದುಡ್ಡು ಕೊಡುವ ಮೊದಲು ಆಂಕಿವೆಬ್‌ನಲ್ಲಿ ಉಚಿತ ಖಾತೆ ತೆರೆದು, ಫೋನಿನ ಬ್ರೌಸರ್‌ನಲ್ಲೇ ಕಾರ್ಡುಗಳನ್ನು ತಿರುವಿ ನೋಡಲಿ. ತಿಂಗಳ ನಂತರವೂ ದಿನಾ ತೆರೆಯುತ್ತಿದ್ದರೆ ಆಗ ಕೊಳ್ಳಲಿ.